ನಾಲ್ಕು ಊರು, ಒಂದು ಹಸ್ತಪ್ರತಿ

ಹಾವೇರಿ ಜಿಲ್ಲೆಯ ನಕಾಶೆಯಲ್ಲಿ ಪಶ್ಚಿಮದ ಅಂಚಿಗೆ ಹಾನಗಲ್ಲ, ಮೇಲ್ಭಾಗಕ್ಕೆ ಶಿಗ್ಗಾಂವಿ, ಅದರ ಮಗ್ಗುಲಲ್ಲಿ ಸವಣೂರು, ತಳದಲ್ಲಿ ಹಿರೇಕೆರೂರು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾದ ಈ ಸೀಮೆಯಲ್ಲಿ ಒಂದು ಕಡೆ ಮಲೆನಾಡಿನ ಸೆರಗು, ಇನ್ನೊಂದು ಕಡೆ ಬಯಲುಸೀಮೆಯ ಎರೆಹೊಲ. ಭತ್ತ, ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಇಲ್ಲಿನ ಬೆಳೆಗಳು. ನೋಡಲು ಬರುವವರು ಹಳೆಯ ಗುಡಿ, ಕೆರೆ, ಕೋಟೆಗಳ ಚಿತ್ರ ತೆಗೆದುಕೊಂಡು ಸಂಜೆಯ ಬಸ್ಸಿಗೆ ಹಿಂದಿರುಗುತ್ತಾರೆ.

ಕಳೆದ ಚಳಿಗಾಲದಲ್ಲಿ ಈ ನಾಲ್ಕೂ ತಾಲ್ಲೂಕುಗಳನ್ನು ನಾಲ್ಕು ಸೋಮವಾರಗಳಲ್ಲಿ ಸುತ್ತಿದ ಇಬ್ಬರ ಬಳಿ ಕ್ಯಾಮೆರಾ ಇರಲಿಲ್ಲ. ಒಂದು ಬಟ್ಟೆಯ ಚೀಲ ಮಾತ್ರ ಇತ್ತು. ಅದರೊಳಗೆ ಹನ್ನೊಂದು ಕಥೆಗಳ ಒಂದು ಹಸ್ತಪ್ರತಿ, ಮೂರು ಪುಟಗಳ ಒಂದು ಕರಾರುಪತ್ರ.

ಹಸ್ತಪ್ರತಿ ಹಾನಗಲ್ಲ ತಾಲ್ಲೂಕಿನ ಹಳ್ಳಿಯೊಂದರ ಗ್ರಾಮ ಪಂಚಾಯಿತಿ ಗ್ರಂಥಾಲಯವನ್ನು ನೋಡಿಕೊಳ್ಳುವ ಇಪ್ಪತ್ತೊಂಬತ್ತು ವರ್ಷದ ಹೆಣ್ಣುಮಗಳದ್ದು. ಜೊತೆಗೆ ಬಂದವರು ಆಕೆಯ ಕಾಕಾ. ಹುಬ್ಬಳ್ಳಿಯ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಮೊಳೆ ಜೋಡಿಸಿ, ಕಂಪ್ಯೂಟರ್ ಬಂದ ಮೇಲೆ ಕರಡು ತಿದ್ದಿ, ಕಣ್ಣು ಮಂಜಾದ ಮೇಲೆ ಊರಿಗೆ ಮರಳಿದವರು. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಇಬ್ಬರೂ ಪುಸ್ತಕ ಮಳಿಗೆಗಳ ಸಾಲಿನಲ್ಲಿ ದಿನವಿಡೀ ಅಲೆದಿದ್ದರು. ತನ್ನ ಕಥೆಗಳೂ ಹೀಗೊಂದು ಮೇಜಿನ ಮೇಲೆ ಇರಬೇಕೆಂಬ ಆಸೆ ಆಕೆಗೆ ಮೂಡಿದ್ದು ಅಲ್ಲಿ.

ಆಸೆಯ ಬೆನ್ನಿಗೇ ದೂರವಾಣಿ ಕರೆಯೂ ಬಂತು. ದೂರದ ನಗರದ ಪ್ರಕಾಶನ ಸಂಸ್ಥೆಯೊಂದು ಕಥೆಗಳನ್ನು ಮೆಚ್ಚಿಕೊಂಡಿತ್ತು. ಲೇಖಕಿ 48,000 ರೂಪಾಯಿ ಕಟ್ಟಬೇಕು. ಸಂಸ್ಥೆ 300 ಪ್ರತಿ ಅಚ್ಚು ಹಾಕಿ 50 ಪ್ರತಿ ಆಕೆಗೆ ಕೊಡುತ್ತದೆ, ಉಳಿದದ್ದನ್ನು ತಾನೇ ಮಾರಿ ಪ್ರತಿಗೆ ಶೇಕಡಾ 10ರಂತೆ ಗೌರವಧನ ಸಲ್ಲಿಸುತ್ತದೆ. ತಿಂಗಳೊಳಗೆ ಹಣ ಬಂದರೆ ಬಿಡುಗಡೆ ಸಮಾರಂಭವೂ ಉಚಿತ. ಮನೆಯಲ್ಲಿ ಅಷ್ಟು ರೊಕ್ಕ ಇರಲಿಲ್ಲ. ತಾಯಿ ಮಾತಾಡದೆ ಕೈಯ ಬಂಗಾರದ ಪಾಟಲಿ ಬಿಚ್ಚಿ ಕಟ್ಟೆಯ ಮೇಲಿಟ್ಟಳು. ಅದನ್ನು ಕಂಡ ಕಾಕಾ, "ಪಾಟ್ಲಿ ಒಳಗ ಇಡ್ರಿ ವೈನಿ. ಒಂದ ತಿಂಗಳ ಐತೆಲ್ಲ, ನಾಕ ಊರು ನೋಡಿ ಬರ್ತೇವಿ. ಮುಂದ ಆಕಿ ಹೆಂಗಂತಾಳ ಹಂಗ" ಎಂದರು. ಗ್ರಂಥಾಲಯದ ವಾರದ ರಜೆ ಸೋಮವಾರ. ತಿಂಗಳಿಗೆ ನಾಲ್ಕು ಸೋಮವಾರ.

ಕಲ್ಲಿನ ಮೇಲೆ ಒಂದೇ ಪ್ರತಿ

ಮೊದಲ ಸೋಮವಾರ ಹಾನಗಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾದ್ದರಿಂದ ಚೀಟಿಯ ಹಣ ಕಾಕಾನದು ಮಾತ್ರ. ಪಾನುಂಗಲ್ಲು ಎಂದು ಶಾಸನಗಳಲ್ಲಿ ಕಾಣುವ ಈ ಊರು ಕದಂಬರ ಒಂದು ಶಾಖೆಗೆ ರಾಜಧಾನಿಯಾಗಿತ್ತು. ಪಾಂಡವರು ಅಜ್ಞಾತವಾಸ ಕಳೆದ ವಿರಾಟನಗರ ಇದೇ ಎಂದು ಊರವರು ಹೇಳುತ್ತಾರೆ. ಒಂದು ವರ್ಷ ಹೆಸರು ಮರೆಸಿ ಬದುಕಿದವರ ಕಥೆ ಇನ್ನೂ ಹೆಸರಾಗದ ಲೇಖಕಿಗೆ ಇಷ್ಟವಾದದ್ದು ಸಹಜ.

ತಾರಕೇಶ್ವರ ಗುಡಿಯ ಮಂಟಪದಲ್ಲಿ ನಿಂತು ತಲೆ ಎತ್ತಿದರೆ ಕಲ್ಲಿನ ಛಾವಣಿಯಿಂದ ಕಮಲವೊಂದು ಎಸಳೆಸಳಾಗಿ ಕೆಳಮುಖವಾಗಿ ಅರಳಿದೆ. ಕಲ್ಯಾಣ ಚಾಲುಕ್ಯರ ಕಾಲದ ಈ ಕೆತ್ತನೆಯನ್ನು ನೋಡಲೆಂದೇ ದೂರದಿಂದ ಜನ ಬರುತ್ತಾರೆ. ಕಾಕಾನ ಕಣ್ಣು ಮಾತ್ರ ಶಾಸನದ ಕಲ್ಲುಗಳ ಮೇಲೆ. ಕವಿ ಬರೆದದ್ದನ್ನು ರೂವಾರಿ ಉಳಿಯಿಂದ ಕೊರೆಯಬೇಕು. ತಪ್ಪಿದ ಅಕ್ಷರವನ್ನು ಅಳಿಸಿ ಬರೆಯುವಂತಿಲ್ಲ. ಈ ನಾಡಿನ ಶಾಸನಗಳಲ್ಲಿ ರಾಜನ ಹೆಸರು, ದಾನಿಯ ಹೆಸರು ಮುಂದೆ ಬರುತ್ತವೆ. ಬರೆದವನ ಹೆಸರು ಬಂದರೆ ಕೊನೆಗೆ, ಅನೇಕ ಸಲ ಅದೂ ಇಲ್ಲ.

"ಇದೂ ಒಂದು ಅಚ್ಚ ನೋಡವಾ" ಎಂದರು ಕಾಕಾ. "ಆದ್ರ ಒಂದ ಪ್ರತಿ. ರೊಕ್ಕ ಕೊಟ್ಟಾಂವನ ಹೆಸರು ಮ್ಯಾಲ, ಬರದಾಂವನ ಹೆಸರು ತೆಳಗ."

ಆಶ್ರಯ ಎಂಬುದು ಪ್ರಕಟಣೆಯ ಅತ್ಯಂತ ಹಳೆಯ ದಾರಿ. ರಾಜರ ನಂತರ ಆ ಹೊಣೆಯನ್ನು ಮಠಗಳು ಹೊತ್ತವು. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು (1867-1930) 1904ರಲ್ಲಿ ಅಖಿಲ ಭಾರತ ವೀರಶೈವ ಮಹಾಸಭೆಯನ್ನು, 1909ರಲ್ಲಿ ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಶಿವಯೋಗ ಮಂದಿರವನ್ನು ಕಟ್ಟಿದರು. ಅವರ ಆಸರೆಯಲ್ಲಿ ಬೆಳೆದ ಅಂಧ ಬಾಲಕ ಇದೇ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯ ಪಂಚಾಕ್ಷರಿ ಗವಾಯಿ. ಪಂಚಾಕ್ಷರಿ ಗವಾಯಿಗಳು ಬೆಳೆಸಿದ ಇನ್ನೊಬ್ಬ ಅಂಧ ಬಾಲಕ 1914ರಲ್ಲಿ ದೇವಗಿರಿಯಲ್ಲಿ ಹುಟ್ಟಿದ ಪುಟ್ಟರಾಜ ಗವಾಯಿ. ಕಣ್ಣಿಲ್ಲದ ಪುಟ್ಟರಾಜರು ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಕೃತಿ ರಚಿಸಿದರು. ಅವರ ಪುರಾಣ, ನಾಟಕಗಳಿಗೆ ಮೊದಲೇ ಸಿದ್ಧವಿದ್ದ ಕೇಳುಗರ ಸಮೂಹ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಸುತ್ತ ಇತ್ತು.

ಮಠ, ಸಂಘ, ವಿಶ್ವವಿದ್ಯಾಲಯಗಳಂಥ ಸಂಸ್ಥೆಗಳ ಮೂಲಕ ಬರುವ ಪುಸ್ತಕಕ್ಕೆ ಲೇಖಕ ಹಣ ಹೂಡಬೇಕಾಗಿಲ್ಲ, ಹಂಚಿಕೆಗೂ ಅಲೆಯಬೇಕಾಗಿಲ್ಲ. ಆದರೆ ಪುಸ್ತಕದ ವಸ್ತು ಸಂಸ್ಥೆಯ ಉದ್ದೇಶಕ್ಕೆ ಹೊಂದಬೇಕು. ಆಕೆಯ ಕಥೆಗಳಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಹೆಂಗಸರು, ಸಾಲಗಾರನ ಕಣ್ಣು ತಪ್ಪಿಸಿ ಸಂತೆಗೆ ಹೋಗುವ ರೈತರು ಇದ್ದರು. ಆನೆಕೆರೆಯ ಏರಿಯ ಮೇಲೆ ಕುಳಿತು ಬುತ್ತಿ ಬಿಚ್ಚುವಾಗ, "ನನ್ನ ಕಥಿಗೆ ಯಾವ ಮಠ ಐತಿ ಕಾಕಾ?" ಎಂದು ಆಕೆ ಕೇಳಿದಳು. ಕಾಕಾ ರೊಟ್ಟಿ ಮುರಿಯುತ್ತ ನಕ್ಕರು.

ಪೂಜೆಗೊಂಡ ಪುಸ್ತಕ, ಅಚ್ಚಾಗದ ಹಾಡು

ಎರಡನೆಯ ಸೋಮವಾರ ಶಿಗ್ಗಾಂವಿ ತಾಲ್ಲೂಕು, ಅದರಲ್ಲಿಯೂ ಮೊದಲು ಬಂಕಾಪುರ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೆಯನ ಹೆಸರು ಹೊತ್ತ ಊರು ಇದು. ಪಾಳುಬಿದ್ದ ಕೋಟೆಯೊಳಗೆ ಈಗ ನವಿಲುಗಳ ಓಡಾಟ. ಅವುಗಳ ಕೂಗಿನ ನಡುವೆ ನಿಂತಿದೆ ಅರವತ್ತು ಕಂಬದ ಗುಡಿಯೆಂದು ಜನ ಕರೆಯುವ ನಗರೇಶ್ವರ ದೇವಾಲಯ. ಕಡೆದು ನುಣುಪು ಮಾಡಿದ ಕಂಬಗಳು ಇಂದಿಗೂ ಕನ್ನಡಿಯಂತೆ ಹೊಳೆಯುತ್ತವೆ.

ಈ ಊರಿಗೆ ಪುಸ್ತಕದ ಚರಿತ್ರೆಯಲ್ಲಿ ಒಂದು ಅಪರೂಪದ ಸ್ಥಾನವಿದೆ. ಜಿನಸೇನಾಚಾರ್ಯರು ಅರ್ಧಕ್ಕೆ ಬಿಟ್ಟುಹೋದ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರರು ಉತ್ತರಪುರಾಣ ಬರೆದು ಪೂರ್ಣಗೊಳಿಸಿದರು. ಗುಣಭದ್ರರ ಶಿಷ್ಯ ಲೋಕಸೇನ ಅದಕ್ಕೆ ಪ್ರಶಸ್ತಿ ಸೇರಿಸಿದ. ಬಂಕೆಯನ ಮಗ ಲೋಕಾದಿತ್ಯ ಬಂಕಾಪುರದಿಂದ ಬನವಾಸಿ ನಾಡನ್ನು ಆಳುತ್ತಿದ್ದಾಗ, ಶಕವರ್ಷ 820ರಲ್ಲಿ, ಎಂದರೆ ಕ್ರಿ.ಶ. 897-98ರ ಸುಮಾರಿಗೆ, ಈ ಗ್ರಂಥಕ್ಕೆ ಪೂಜೆ ನಡೆಯಿತೆಂದು ಆ ಪ್ರಶಸ್ತಿ ತಿಳಿಸುತ್ತದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಅದೊಂದು ಪುಸ್ತಕ ಬಿಡುಗಡೆ ಸಮಾರಂಭ. ಪಂಪ ತನ್ನ ಆದಿಪುರಾಣವನ್ನು ಬರೆದದ್ದು 941ರಲ್ಲಿ. ಅವನಿಗೆ ಆಧಾರವಾದ ಸಂಸ್ಕೃತ ಕೃತಿ ಬಂಕಾಪುರದಲ್ಲಿ ಪೂಜೆಗೊಂಡ ಇದೇ ಮಹಾಪುರಾಣದ ಮೊದಲ ಭಾಗ.

ಮುಂದೆ ಅಜಿತಸೇನಾಚಾರ್ಯರು ಇಲ್ಲಿದ್ದರು. ಗಂಗ ದೊರೆ ಮಾರಸಿಂಹ 974ರಲ್ಲಿ ಅವರ ಸನ್ನಿಧಿಯಲ್ಲಿ ಸಲ್ಲೇಖನ ಕೈಗೊಂಡ. ಅವರ ಶಿಷ್ಯ ಕವಿ ರನ್ನ. ರನ್ನನಿಗೆ ಆಶ್ರಯವಿತ್ತ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದಳು. ಮುದ್ರಣಯಂತ್ರ ಬರುವುದಕ್ಕೆ ಎಂಟು ನೂರು ವರ್ಷ ಮೊದಲೇ ಕನ್ನಡದ ಪುಸ್ತಕವೊಂದು ಸಾವಿರ ಪ್ರತಿ ಕಂಡಿತ್ತು.

"ಸಾವಿರ ಪ್ರತಿ ಕೈಲೆ ಬರಸೂದಂದ್ರ ಎಷ್ಟ ಮಂದಿ ಕುಂತಿರಬೇಕು!" ಎಂದು ಮೊಳೆ ಜೋಡಿಸಿದ ಬೆರಳುಗಳನ್ನು ಕಾಕಾ ನೋಡಿಕೊಂಡರು.

ಮಧ್ಯಾಹ್ನ ಶಿಶುವಿನಹಾಳ. ಶಿಶುನಾಳ ಷರೀಫರ (1819-1889) ಗದ್ದುಗೆಯ ಮುಂದೆ ಸಕ್ಕರೆ ಹಂಚುವವರೂ ಇದ್ದರು, ಕಾಯಿ ಒಡೆಸುವವರೂ ಇದ್ದರು. ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದ ಷರೀಫರ ತತ್ವಪದಗಳು ಭಜನಾ ಮೇಳಗಳ ಬಾಯಿಂದ ಬಾಯಿಗೆ ಸಾಗಿದವು. ಪುಸ್ತಕವಾದದ್ದು ಆಮೇಲೆ. ನೂರು ವರ್ಷ ದಾಟಿದ ಬಳಿಕ ಸಿ. ಅಶ್ವತ್ಥರ ಧ್ವನಿಸುರುಳಿಗಳ ಮೂಲಕ, 1990ರಲ್ಲಿ ಟಿ.ಎಸ್. ನಾಗಾಭರಣರ 'ಸಂತ ಶಿಶುನಾಳ ಷರೀಫ' ಚಿತ್ರದ ಮೂಲಕ ಅವು ಕರ್ನಾಟಕದ ಮನೆಮನೆ ಹೊಕ್ಕವು. ಇದೇ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ಕೀರ್ತನೆಗಳ ದಾರಿಯೂ ಇದೇ. ಹಾಡಿನ ಕೊನೆಗೆ ಬರುವ ಅಂಕಿತವೇ ಕವಿಯ ಸಹಿ. ಹಾಡು ಎಲ್ಲಿಗೇ ಹೋಗಲಿ, ಅದನ್ನು ಕಿತ್ತರೆ ಪದ್ಯವೇ ಮುರಿಯುತ್ತದೆ.

ಹಾಗೆಂದು ಬಾಯಿಯ ದಾರಿ ಸುಲಭವಲ್ಲ. ಹಾಡಿದವರು ನೆನಪಿಟ್ಟದ್ದು ಉಳಿಯಿತು, ಮರೆತದ್ದು ಹೋಯಿತು. ಹೆದ್ದಾರಿಯ ಪಕ್ಕದ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಆರಂಭವಾದದ್ದು ಹೀಗೆ ಬಾಯಲ್ಲಿ ಉಳಿದಿರುವುದನ್ನು ಕಾಗದಕ್ಕೆ, ಧ್ವನಿಗೆ ಇಳಿಸುವ ಕೆಲಸಕ್ಕಾಗಿಯೇ. ಆಕೆ ಆ ರಾತ್ರಿ ತನ್ನ ಒಂದು ಕಥೆಯನ್ನು ಮೊಬೈಲಿನಲ್ಲಿ ಓದಿ ಧ್ವನಿ ತುಂಬಿ ಗ್ರಂಥಾಲಯಕ್ಕೆ ಬರುವ ಮೂವರು ಗೆಳತಿಯರಿಗೆ ಕಳಿಸಿದಳು. ಬೆಳಗಾಗುವುದರೊಳಗೆ ಅದು ಆಕೆಗೆ ಗೊತ್ತಿಲ್ಲದ ಮನೆಗಳನ್ನೂ ಮುಟ್ಟಿತ್ತು. ಆದರೆ ಕಳಿಸಿದವರಲ್ಲಿ ಒಬ್ಬರು ಕಥೆಗಾರ್ತಿಯ ಹೆಸರು ಹೇಳುವ ಮೊದಲ ಸಾಲನ್ನು ಕತ್ತರಿಸಿದ್ದರು. ಅಂಕಿತದ ಬೆಲೆ ಆಗ ತಿಳಿಯಿತು.

ಚಂದಾ ಕಟ್ಟಿದ ಓದುಗರು

ಮೂರನೆಯ ಸೋಮವಾರದ ಸವಣೂರು ಒಂದು ಕಾಲದ ನವಾಬರ ಊರು. ವೀಳ್ಯದೆಲೆಗೆ ಹೆಸರಾದದ್ದು. ಪೇಟೆಯಲ್ಲಿ ಇಳಿದರೆ ಎಣ್ಣೆಯಲ್ಲಿ ಕರಿದ ಖಾರದ ವಾಸನೆ ಎದುರುಗೊಳ್ಳುತ್ತದೆ. ಸವಣೂರ ಖಾರ ಕಟ್ಟಿಸಿಕೊಳ್ಳದೆ ಊರು ಬಿಡುವವರು ಕಡಿಮೆ. ಸತ್ಯಬೋಧತೀರ್ಥರ ಬೃಂದಾವನ ಇರುವುದೂ ಇಲ್ಲಿಯೇ. ದೊಡ್ಡಹುಣಸೆ ಕಲ್ಮಠದ ಆವರಣದ ಮರಗಳಂತೂ ನೋಡಿಯೇ ನಂಬಬೇಕು. ಇವು ಹುಣಸೆಯಲ್ಲ, ಆಫ್ರಿಕಾ ಮೂಲದ ಬಾವೋಬಾಬ್. ಕಾಂಡದ ಮೆತ್ತನೆಯ ಕಟ್ಟಿಗೆಯಲ್ಲಿ ನೀರು ಕೂಡಿಟ್ಟುಕೊಂಡು ಬರಗಾಲ ದಾಟುವುದು ಈ ಜಾತಿಯ ಗುಣ. ಹಲವರು ಕೈ ಹಿಡಿದು ನಿಂತರೂ ಬುಡವನ್ನು ಬಳಸಲಾಗದು. 2023ರ ಮಳೆಗಾಲದಲ್ಲಿ ಮೂರರಲ್ಲಿ ಒಂದು ಬುಡಸಮೇತ ಉರುಳಿತು. ಊರವರೂ ಅಧಿಕಾರಿಗಳೂ ಸೇರಿ ಅದನ್ನು ಎತ್ತಿ ಮತ್ತೆ ನೆಟ್ಟರು.

ಸವಣೂರಿನಲ್ಲಿ 1909ರ ಆಗಸ್ಟ್ 9ರಂದು ಹುಟ್ಟಿದವರು ವಿನಾಯಕ ಕೃಷ್ಣ ಗೋಕಾಕರು. 'ಭಾರತ ಸಿಂಧುರಶ್ಮಿ'ಯ ಕವಿಗೆ 1990ರ ಜ್ಞಾನಪೀಠ ಪ್ರಶಸ್ತಿ ಸಂದಿತು. ತರುಣ ಗೋಕಾಕರು ಧಾರವಾಡದಲ್ಲಿ ಬೇಂದ್ರೆಯವರ ಗೆಳೆಯರ ಗುಂಪಿನಲ್ಲಿದ್ದರು. ಬರೆದದ್ದನ್ನು ಮೊದಲು ಗೆಳೆಯರ ನಡುವೆ ಓದಿ, ಪೆಟ್ಟು ತಿಂದು, ತಿದ್ದಿಕೊಂಡು ಆಮೇಲೆ ಅಚ್ಚಿಗೆ ಕೊಡುವ ಪದ್ಧತಿ ಆ ತಲೆಮಾರಿನದು. ಅದೇ ಧಾರವಾಡದಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಓದುಗರು ವರ್ಷದ ಚಂದಾ ಮುಂಗಡವಾಗಿ ಕಟ್ಟಬೇಕು, ಮಾಲೆ ವರ್ಷವಿಡೀ ಪುಸ್ತಕ ಕಳಿಸಬೇಕು. ಹಣ ಓದುಗನಿಂದ, ಆಯ್ಕೆ ಸಂಪಾದಕನಿಂದ. ಲೇಖಕ ಕೈಯಿಂದ ಖರ್ಚು ಮಾಡಬೇಕಾಗಿರಲಿಲ್ಲ. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಹೊರಬಂದದ್ದು ಈ ಮಾಲೆಯಿಂದ.

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನವರಾದ ಚಂದ್ರಶೇಖರ ಪಾಟೀಲರದು (1939-2022) ಇನ್ನೊಂದು ದಾರಿ. ಗಿರಡ್ಡಿ ಗೋವಿಂದರಾಜ, ಸಿದ್ದಲಿಂಗ ಪಟ್ಟಣಶೆಟ್ಟಿ ಅವರ ಜೊತೆಗೂಡಿ 1964ರಲ್ಲಿ ಅವರು 'ಸಂಕ್ರಮಣ' ಎಂಬ ಸಣ್ಣ ಪತ್ರಿಕೆ ಹೊರಡಿಸಿದರು. ಗೆಳೆಯರು ಬೇರೆಯಾದ ಮೇಲೂ ಚಂಪಾ ಅದನ್ನು ದಶಕಗಳ ಕಾಲ ನಡೆಸಿದರು. ತಮಗೆ ಬೇಕಾದದ್ದನ್ನು ಬೇಕಾದ ಧಾಟಿಯಲ್ಲಿ ಬರೆಯಲು ಅವರು ಬೇರೆಯವರ ಅಪ್ಪಣೆ ಕಾಯಲಿಲ್ಲ, ಎಷ್ಟೋ ಹೊಸಬರಿಗೆ ಮೊದಲ ಪುಟವನ್ನೂ ಕೊಟ್ಟರು.

ಇವರೆಲ್ಲರಿಗಿಂತ ಹಳೆಯ ಮಾದರಿಯೊಂದು ಇದೇ ಜಿಲ್ಲೆಯಲ್ಲಿದೆ. ಹಾನಗಲ್ಲ ತಾಲ್ಲೂಕಿನ ಕಡೆಯಿಂದ ಬರುವ ವರದಾ ನದಿ ತುಂಗಭದ್ರೆಯನ್ನು ಸೇರುವಲ್ಲಿ ಗಳಗನಾಥವೆಂಬ ಊರಿದೆ. ಅಲ್ಲಿನ ವೆಂಕಟೇಶ ತಿರಕೋ ಕುಲಕರ್ಣಿಯವರು (1869-1942) ಊರಿನ ಹೆಸರಿನಿಂದಲೇ ಪ್ರಸಿದ್ಧರು. ಕಾದಂಬರಿ ಬರೆದರು, ಅಗಡಿ ಆನಂದವನದ 'ಸದ್ಬೋಧ ಚಂದ್ರಿಕೆ'ಯ ಸಂಪಾದಕರಾದರು, ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ ಗಂಟು ಕಟ್ಟಿ ಹೊತ್ತು ಊರೂರು ತಿರುಗಿ ಮಾರಿದರು. ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವ ರೂಢಿಯನ್ನು ಹಬ್ಬಿಸಿದವರಲ್ಲಿ ಅವರ ಹೆಸರು ಮೊದಲ ಸಾಲಿನದು.

ಚಹಾದಂಗಡಿಯ ಲೆಕ್ಕ

ಬಸ್ಸು ತಡವಾದಾಗ ಸವಣೂರಿನ ಚಹಾದಂಗಡಿಯಲ್ಲಿ ಕಾಕಾ ಖಾರದ ಪೊಟ್ಟಣದ ಕಾಗದದ ಮೇಲೆಯೇ ಲೆಕ್ಕ ಬರೆದರು. ಪುಸ್ತಕ ಡೆಮಿ ಅಷ್ಟದಳ, 128 ಪುಟ. 23ಕ್ಕೆ 36 ಅಂಗುಲದ ಒಂದು ಹಾಳೆಯನ್ನು ಮಡಚಿದರೆ 16 ಎಲೆ, ಎಂದರೆ 32 ಪುಟ. ಆದ್ದರಿಂದ ಒಂದು ಪುಸ್ತಕಕ್ಕೆ 4 ಹಾಳೆ. 500 ಹಾಳೆಯ ಒಂದು ರೀಮಿನಿಂದ 125 ಪುಸ್ತಕ.

ಖರ್ಚು ಎರಡು ಬಗೆ. ಪುಟ ಜೋಡಣೆ, ಕರಡು ತಿದ್ದುವಿಕೆ, ಮುಖಪುಟ, ಪ್ಲೇಟು ಇವು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಕಾಗದ, ಮುದ್ರಣ, ಹೊಲಿಗೆ ಇವು ಪ್ರತಿಗಳ ಸಂಖ್ಯೆಯಂತೆ ಏರುತ್ತವೆ. ಲೆಕ್ಕದ ಸಲುವಾಗಿ ಮೊದಲನೆಯದಕ್ಕೆ 15,000 ರೂಪಾಯಿ, ಎರಡನೆಯದಕ್ಕೆ ಪ್ರತಿಗೆ 45 ರೂಪಾಯಿ ಹಿಡಿದರು. 300 ಪ್ರತಿಗೆ ಒಟ್ಟು 28,500, ತಲಾ 95 ರೂಪಾಯಿ. 500ಕ್ಕೆ 37,500, ತಲಾ 75. ಸಾವಿರಕ್ಕೆ 60,000, ತಲಾ 60. ಹೆಚ್ಚು ಅಚ್ಚು ಹಾಕಿದಷ್ಟು ಒಂದರ ಬೆಲೆ ಇಳಿಯುತ್ತದೆ. ಅದೇ ಆಸೆ ತೋರಿಸಿ ಸಾವಿರ ಪ್ರತಿ ಹಾಕಿಸುತ್ತದೆ. ಮಾರಾಟವಾಗದೆ ಉಳಿದವು ಮಂಚದ ಕೆಳಗೆ ಗೆದ್ದಲಿಗೆ ಆಹಾರವಾಗುತ್ತವೆ.

ಬೆಲೆ 150 ಎಂದಿಟ್ಟು, ಅಂಗಡಿಯವರಿಗೆ ಶೇಕಡಾ 40 ಬಿಟ್ಟರೆ ಕೈಗೆ ಬರುವುದು 90. 300 ಪ್ರತಿ ಹಾಕಿಸಿ ಎಲ್ಲವನ್ನೂ ಅಂಗಡಿಗೆ ಕೊಟ್ಟರೆ ಪೂರ್ತಿ ಮಾರಿದರೂ ಬರುವುದು 27,000. ಖರ್ಚು 28,500. ನಷ್ಟವೇ. ಅದೇ 300ರಲ್ಲಿ 190 ಪ್ರತಿಯನ್ನು ಲೇಖಕಿ ತಾನೇ ಓದುಗರ ಕೈಗೆ ಪೂರ್ಣ ಬೆಲೆಗೆ ಕೊಟ್ಟರೆ ಹಾಕಿದ ಹಣ ಹಿಂದೆ ಬರುತ್ತದೆ. ಗಳಗನಾಥರು ಗಂಟು ಹೊತ್ತು ನಡೆದದ್ದರ ಗಣಿತ ಇದು.

ಇನ್ನು ಕರಾರುಪತ್ರ. 48,000 ಕೊಟ್ಟು 50 ಪ್ರತಿ ಪಡೆದರೆ ಪ್ರತಿಗೆ 960 ರೂಪಾಯಿ ಬಿತ್ತು. ಗೌರವಧನ ಪ್ರತಿಗೆ 15. ಕಟ್ಟಿದ ಹಣ ಮರಳಬೇಕಾದರೆ 3,200 ಪ್ರತಿ ಮಾರಬೇಕು. ಸಂಸ್ಥೆ ಅಚ್ಚು ಹಾಕುವುದೇ 300. ಇಡೀ 300ಕ್ಕೆ ಗೌರವಧನ ಬಂದರೂ 4,500. ಕರಾರಿನಲ್ಲಿ ಐಎಸ್‌ಬಿಎನ್ ಸಂಖ್ಯೆಗೆಂದು 5,000 ರೂಪಾಯಿ ಬೇರೆ ತೋರಿಸಲಾಗಿತ್ತು. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಆ ಸಂಖ್ಯೆಯನ್ನು ಶುಲ್ಕವಿಲ್ಲದೆ ಕೊಡುತ್ತದೆ, ಸ್ವಂತಕ್ಕೆ ಪ್ರಕಟಿಸುವ ಲೇಖಕರೂ ಅರ್ಜಿ ಹಾಕಬಹುದು.

"ಇದು ಪುಸ್ತಕ ಮಾರೂ ಧಂದೆ ಅಲ್ಲ ತಂಗಿ" ಎಂದರು ಕಾಕಾ. "ಪುಸ್ತಕ ಕೊಳ್ಳಾಂವ ಓದುಗ ಅಲ್ಲ, ಬರದಾಕಿನ."

ಪ್ರಕಾಶಕರೆಲ್ಲರೂ ಹೀಗಲ್ಲ ಎಂಬುದನ್ನೂ ಅವರೇ ಹೇಳಿದರು. ಹಸ್ತಪ್ರತಿಯನ್ನು ಓದಿ, ಒಪ್ಪಿ, ತಮ್ಮ ಹಣ ಹೂಡಿ, ತಿದ್ದಿ ತೀಡಿ ತರುವ ಪ್ರಕಾಶಕರು ಕನ್ನಡದಲ್ಲಿ ಇಂದಿಗೂ ಇದ್ದಾರೆ. ಅವರ ಬಳಿ ಹೊಸಬರು ಕಾಯಬೇಕು, ನಿರಾಕರಣೆಗೂ ಸಿದ್ಧರಿರಬೇಕು. ಬೇಡಿಕೆ ಬಂದಷ್ಟೇ ಪ್ರತಿ ಅಚ್ಚು ಹಾಕುವ ಡಿಜಿಟಲ್ ಯಂತ್ರಗಳೂ ಬಂದಿವೆ. ಒಂದರ ಖರ್ಚು ಹೆಚ್ಚು, ಮಂಚದ ಕೆಳಗಿನ ರಾಶಿ ಮಾತ್ರ ಇರುವುದಿಲ್ಲ. 1993ರಲ್ಲಿ ಸ್ಥಾಪನೆಯಾದ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸಿದೆ. ವಯಸ್ಸಿನ ಮಿತಿ 18ರಿಂದ 35. ಗ್ರಂಥಾಲಯ ಇಲಾಖೆಯ ಆಯ್ಕೆಪಟ್ಟಿಗೆ ಸೇರಿದರೆ ಒಮ್ಮೆಗೇ ಕೆಲವು ನೂರು ಪ್ರತಿ ಹೋಗುತ್ತವೆ. ಹಣ ಕೈಸೇರುವುದು ತಡವಾಗಬಹುದು, ಅದನ್ನೇ ನಂಬಿ ಸಾಲ ಮಾಡಬಾರದು.

ಮೂರು ಸಾಲಿನ ಕವಿ

ಕೊನೆಯ ಸೋಮವಾರ ಹಿರೇಕೆರೂರು. ದುರ್ಗಾದೇವಿಯ ಗುಡಿಗೆ ಕೈಮುಗಿದು ಇಬ್ಬರೂ ಅಬಲೂರಿನ ಬಸ್ಸು ಹತ್ತಿದರು. ಏಕಾಂತದ ರಾಮಯ್ಯನ ಪವಾಡದ ಕಥೆಯೊಂದಿಗೆ ಬೆರೆತ ಸೋಮೇಶ್ವರ ಗುಡಿ ಅಬಲೂರಿನಲ್ಲಿದೆ. ಸರ್ವಜ್ಞನ ಹುಟ್ಟೂರೆಂದು ಜನ ತೋರಿಸುವುದೂ ಇದೇ ಊರನ್ನು. ತಂದೆ ಮಾಸೂರಿನವನು, ತಾಯಿ ಅಬಲೂರಿನವಳು ಎಂಬುದು ಪರಂಪರೆಯ ಮಾತು. ಸುತ್ತ ಒಣಗಿ ನಿಂತ ಗೋವಿನಜೋಳದ ದಂಟು. ಕಣದಲ್ಲಿ ತೆನೆ ಬಿಡಿಸುವ ಯಂತ್ರದ ಸದ್ದು.

ಸರ್ವಜ್ಞ ತಿರುಗಾಡಿ ಹೇಳಿದ, ಕೇಳಿದವರು ಬಾಯಿಪಾಠ ಮಾಡಿದರು. ಕೆಲವರು ಓಲೆಗೆ ಇಳಿಸಿದರು, ಕೆಲವರು ತಮ್ಮದನ್ನೂ ಸೇರಿಸಿದರು. ಆ ತ್ರಿಪದಿಗಳನ್ನು ಹಸ್ತಪ್ರತಿಗಳಿಂದ, ಜನರ ಬಾಯಿಂದ ಸಂಗ್ರಹಿಸಿ 1924ರಲ್ಲಿ 'ಸರ್ವಜ್ಞನ ವಚನಗಳು' ಎಂದು ಪ್ರಕಟಿಸಿದವರು ಕ್ರೈಸ್ತ ಪಾದ್ರಿಗಳಾಗಿದ್ದ ಉತ್ತಂಗಿ ಚನ್ನಪ್ಪನವರು (1881-1962). ಹೇಳಿದವನಿಗೂ ಅಚ್ಚು ಹಾಕಿಸಿದವನಿಗೂ ನಡುವೆ ಶತಮಾನಗಳ ಅಂತರ. 2009ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆಯೂ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡವು. ಪ್ರಕಾಶಕನನ್ನೇ ಕಾಣದ ಕವಿ ರಾಜ್ಯದ ಗಡಿ ದಾಟಿ ನಿಂತದ್ದು ಹೀಗೆ.

ಆದರೆ ಇದನ್ನು ನೋಡಿ, ಒಳ್ಳೆಯದು ತಾನಾಗಿ ಉಳಿಯುತ್ತದೆ ಎಂದು ಕೈಕಟ್ಟಿ ಕೂರುವಂತಿಲ್ಲ. ಪ್ರತಿ ತ್ರಿಪದಿಯ ಕೊನೆಗೂ ಹೆಸರಿಟ್ಟಿದ್ದ ಸರ್ವಜ್ಞನಿಗೇ ಯಾವುದು ಅವನದು, ಯಾವುದು ಅಲ್ಲ ಎಂಬ ವಾದ ತಪ್ಪಲಿಲ್ಲ. ಇಂದಿನ ಲೇಖಕರಿಗೆ ಅಂಕಿತದ ಜಾಗದಲ್ಲಿ ಕಾಯಿದೆ ಇದೆ. 1957ರ ಕೃತಿಸ್ವಾಮ್ಯ ಕಾಯಿದೆಯಂತೆ ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ನೋಂದಣಿ ಕಡ್ಡಾಯವಲ್ಲ. ಹಕ್ಕು ಲೇಖಕರ ಜೀವಿತಕಾಲಕ್ಕೂ ಅನಂತರ 60 ವರ್ಷಕ್ಕೂ ಇರುತ್ತದೆ. ಅದನ್ನು ಬೇರೆಯವರಿಗೆ ವಹಿಸುವುದಾದರೆ ಲಿಖಿತವಾಗಿಯೇ ಆಗಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಅರ್ಥ. ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಆ ವಹಿವಾಟು ಬಿದ್ದುಹೋಗುತ್ತದೆ. ಹಕ್ಕು ಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ಲೇಖಕರಲ್ಲಿ ಉಳಿಯುತ್ತದೆ.

ಗುಡಿಯ ಕಟ್ಟೆಯ ಮೇಲೆ ಕುಳಿತು ಆಕೆ ಕರಾರುಪತ್ರವನ್ನು ಮೊದಲ ಬಾರಿಗೆ ಕೊನೆಯ ಸಾಲಿನವರೆಗೆ ಓದಿದಳು. ಮೂರನೆಯ ಪುಟದ ತಳದಲ್ಲಿ ಸಣ್ಣ ಅಕ್ಷರದಲ್ಲಿ, ಎಲ್ಲ ಭಾಷೆಗಳ, ಎಲ್ಲ ಮಾಧ್ಯಮಗಳ ಹಕ್ಕು ಶಾಶ್ವತವಾಗಿ ಸಂಸ್ಥೆಗೆ ಸೇರತಕ್ಕದ್ದು ಎಂದಿತ್ತು. ಕಾಯಿದೆಯ ಐದು ವರ್ಷದ ರಕ್ಷಣೆ ಅವಧಿ ಬರೆಯದಿದ್ದಾಗ ಮಾತ್ರ. ಇಲ್ಲಿ ಅವಧಿಯನ್ನು ಬರೆದೇ ಇಟ್ಟಿದ್ದರು.

"ಕಾಕಾ, ಅವ್ವನ ಪಾಟ್ಲಿ ಹೋದ್ರ ಎಂದರ ಬಿಡಸಬಹುದು. ಇದು ಹೋದ್ರ?" ಎಂದಳು. ಕಾಕಾ ಉತ್ತರ ಕೊಡಲಿಲ್ಲ. ಆಕೆ ಅಲ್ಲಿಂದಲೇ ದೂರವಾಣಿ ಮಾಡಿದಳು. ಮಾತು ಉದ್ದವಾಗಲಿಲ್ಲ. "ಬ್ಯಾಡ್ರಿ ಸರ್, ನಮಗ ಹೊಂದೂದಿಲ್ಲ" ಎಂದಷ್ಟೇ ಕೇಳಿಸಿತು.

ಈಗ ಆಕೆಯ ಎರಡು ಕಥೆಗಳು ಎರಡು ಪತ್ರಿಕೆಗಳಿಗೆ ಹೋಗಿವೆ. ಒಂದು ವಿಷಾದಪತ್ರದೊಂದಿಗೆ ಮರಳಿದೆ, ಇನ್ನೊಂದರ ಸುದ್ದಿ ಬಂದಿಲ್ಲ. ಪ್ರಾಧಿಕಾರದ ಪ್ರಕಟಣೆ ಬಂದಾಗ ಅರ್ಜಿ ಹಾಕಲು ಹಸ್ತಪ್ರತಿಯ ಒಂದು ಶುದ್ಧಪ್ರತಿ ಸಿದ್ಧವಾಗಿದೆ. ಅಲ್ಲಿಯೂ ಆಗದಿದ್ದರೆ ಮುಂದಿನ ವರ್ಷ 300 ಪ್ರತಿ, ಸ್ವಂತಕ್ಕೆ. ಅದಕ್ಕೆಂದು ಗ್ರಂಥಾಲಯದ ಮೇಜಿನ ಖಾನೆಯಲ್ಲಿ ಒಂದು ನೋಟುಪುಸ್ತಕವಿದೆ. ಪುಸ್ತಕ ಬೇಕೆಂದವರು ಹೆಸರು ಬರೆಸುತ್ತಾರೆ, ಹಣ ಆಮೇಲೆ. ಬೇಕಾದದ್ದು 190 ಹೆಸರು, ಬಂದಿರುವುದು 61. ಶುಕ್ರವಾರದ ಸಂತೆಗೆ ಬರುವ ಪಕ್ಕದ ಊರಿನ ಹೆಂಗಸರೂ ಕೆಲವರು ಇದ್ದಾರೆ. ಧ್ವನಿಯಲ್ಲಿ ಕೇಳಿದ ಆ ಒಂದು ಕಥೆಯ ಗುರುತು ಹಿಡಿದು ಬಂದವರು ಅವರು.

ನೋಟುಪುಸ್ತಕದ ಮೊದಲ ಹೆಸರು ಕಾಕಾನದು. ಅದರ ಮುಂದೆ ಹಣ ಸಂದಾಯವಾಗಿದೆ ಎಂಬ ಗುರುತು. ಪಕ್ಕದಲ್ಲಿ ಮೊಳೆಯಂತೆ ದುಂಡಗಿನ ಅಕ್ಷರದಲ್ಲಿ ಒಂದು ಷರತ್ತು: ಕರಡು ನಾನೇ ತಿದ್ದತೇನಿ.